ಅಂಕಿ ನೋಡುವ ಮೊದಲು ಗ್ರಾಫ್ ನೋಡು

ಚಿ. ರಶ್ಮಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಗುಜರಾತಿನ ಕ್ಯಾಂಬೆ ಬೇಸಿನ್‌ನ ಶೇಲ್, ಅಂದರೆ ಪದರ ಪದರದ ಜೇಡಿಗಲ್ಲಿನ, ಮಾದರಿಗಳು ನಿನ್ನ ಕೈಗೆ ಬಂದಿವೆ ಎಂದು ಅಕ್ಕ ಫೋನಿನಲ್ಲಿ ಹೇಳಿದಳು. ಅಂಕಲೇಶ್ವರದಂಥ ತೈಲಕ್ಷೇತ್ರಗಳಿಗೆ ಎಣ್ಣೆ ಕೊಟ್ಟ ತಾಯಿಬಂಡೆ ಅದು. ಅಂಥ ಬಂಡೆಯ ಮೇಲೆ ಕೆಲಸ ಕಲಿಯುವುದು ಪುಣ್ಯ. ಅದಕ್ಕೇ ಈ ಉದ್ದದ ಕಾಗದ.

ಬಹುಪಾಲು ತಪ್ಪುಗಳು ಮಾದರಿ ಯಂತ್ರ ಸೇರುವ ಮೊದಲೇ ನಡೆದುಹೋಗಿರುತ್ತವೆ. ಬಾವಿ ಕೊರೆದಾಗ ಬಂದ ಚೂರುಗಳ ಚೀಲದ ಮೇಲೆ ಬರೆದ ಆಳದ ಕಲ್ಲಷ್ಟೇ ಅದರಲ್ಲಿರುತ್ತದೆ ಎಂದು ನಂಬಬೇಡ. ಮೇಲಿನ ಪದರಗಳಿಂದ ಕುಸಿದು ಬಿದ್ದ ಚೂರುಗಳೂ ಅದರಲ್ಲಿ ಸೇರಿರುತ್ತವೆ. ಕೊರೆಯುವಾಗ ಬಾವಿಗೆ ಹರಿಸುವ ಕೆಸರಿನಂಥ ದ್ರವಕ್ಕೆ, ಅಂದರೆ ಮಡ್‌ಗೆ, ಡೀಸೆಲ್, ಆಸ್ಫಾಲ್ಟ್, ಲಿಗ್ನೈಟ್ ಪುಡಿ, ವಾಲ್‌ನಟ್ ಸಿಪ್ಪೆ ಹಾಕುವುದುಂಟು. ಇವೆಲ್ಲ ಇಂಗಾಲವೇ, ಹಾಗಾಗಿ ಯಂತ್ರ ಇವನ್ನೂ ಕಲ್ಲಿನ ಲೆಕ್ಕಕ್ಕೆ ಸೇರಿಸಿಬಿಡುತ್ತದೆ. ಆ ಬಾವಿಯ ಮಡ್ ರಿಪೋರ್ಟ್ ಮೊದಲು ಕೇಳಿ ತರಿಸಿಕೋ. ಚೂರುಗಳನ್ನು ತೊಳೆದು 40 ಡಿಗ್ರಿ ಮೀರದಂತೆ ಒಣಗಿಸು. 110 ಡಿಗ್ರಿಯ ಓವನ್‌ನಲ್ಲಿಟ್ಟರೆ ಹಗುರ ಹೈಡ್ರೋಕಾರ್ಬನ್‌ಗಳು ಅಲ್ಲೇ ಹಾರಿಹೋಗುತ್ತವೆ. ಆಮೇಲೆ ಮೈಕ್ರೋಸ್ಕೋಪಿನಡಿ ಕಪ್ಪು ಶೇಲ್ ಚೂರುಗಳನ್ನು ಕೈಯಾರೆ ಆರಿಸು. ಬೇಸರದ ಕೆಲಸವೇ, ಆದರೆ ಇದಕ್ಕೆ ಬದಲಿ ಇಲ್ಲ. ಪುಡಿ ಮಾಡುವಾಗಲೂ ಗ್ರೈಂಡರ್ ಬಿಸಿಯಾಗದಂತೆ ಬಿಟ್ಟು ಬಿಟ್ಟು ಓಡಿಸು.

ಟಿಒಸಿ, ಅಂದರೆ ಬಂಡೆಯಲ್ಲಿನ ಒಟ್ಟು ಸಾವಯವ ಇಂಗಾಲ, ಅಳೆಯುವ ಮೊದಲು ಹೈಡ್ರೋಕ್ಲೋರಿಕ್ ಆಮ್ಲದಿಂದ ಕಾರ್ಬೊನೇಟ್ ತೆಗೆಯುತ್ತೀಯಲ್ಲ, ಅಲ್ಲಿ ಅವಸರ ಬೇಡ. ಸುಣ್ಣದಕಲ್ಲಿನ ಅಂಶ ತಣ್ಣನೆಯ ಆಮ್ಲದಲ್ಲೇ ಬುಸುಗುಟ್ಟಿ ಹೋಗುತ್ತದೆ. ಸಿಡೆರೈಟ್, ಡಾಲೊಮೈಟ್ ಎಂಬ ಬೇರೆ ಕಾರ್ಬೊನೇಟ್ ಖನಿಜಗಳು ಹಾಗಲ್ಲ, ಬಿಸಿ ಮಾಡಿ ಕಾಯಬೇಕು. ಉಳಿದರೆ ಅದರ ಇಂಗಾಲವೂ ಸಾವಯವದ ಖಾತೆಗೆ ಜಮೆಯಾಗುತ್ತದೆ.

ಇನ್ನು ರಾಕ್-ಇವಾಲ್, ಬಂಡೆಯ ಪುಡಿಯನ್ನು ಕಾಯಿಸಿ ಹೊರಬರುವ ಹೈಡ್ರೋಕಾರ್ಬನ್ ಅಳೆಯುವ ಯಂತ್ರ. 300 ಡಿಗ್ರಿಯಲ್ಲಿ ಮೂರು ನಿಮಿಷ ನಿಂತಾಗ ಬರುವುದು ಎಸ್1, ಅಂದರೆ ಬಂಡೆಯಲ್ಲಿ ಈಗಾಗಲೇ ಇರುವ ಎಣ್ಣೆ. ಆಮೇಲೆ ನಿಮಿಷಕ್ಕೆ 25 ಡಿಗ್ರಿಯಂತೆ 650ರವರೆಗೆ ಏರುವಾಗ ಕೆರೊಜೆನ್, ಅಂದರೆ ಎಣ್ಣೆ ಹುಟ್ಟಿಸುವ ಘನ ಸಾವಯವ ವಸ್ತು, ಒಡೆದು ಬರುವುದು ಎಸ್2. ಅದರ ಶಿಖರದ ಉಷ್ಣತೆಯಿಂದ, ಬಂಡೆ ಎಷ್ಟು ಬೆಂದಿದೆ ಎಂದು ಹೇಳುವ ಟಿ-ಮ್ಯಾಕ್ಸ್ ಸಿಗುತ್ತದೆ. ಪ್ರಿಂಟರ್ ಕೊಡುವ ಕೋಷ್ಟಕದ ಮೇಲೆ ಕಣ್ಣು ಹಾಯಿಸುವ ಮೊದಲು ಗ್ರಾಫ್ ತೆಗೆದು ನೋಡು. ಎಸ್2 ಒಂದೇ ನಯವಾದ ಗುಡ್ಡದಂತಿರಬೇಕು. ಎಡಗಡೆ ಒಂದು ಭುಜ ಎದ್ದಿದ್ದರೆ ಭಾರವಾದ ಬಿಟುಮೆನ್ (ಡಾಂಬರಿನಂಥ ಎಣ್ಣೆ) ಅಥವಾ ಮಡ್‌ನ ಆಸ್ಫಾಲ್ಟ್ ಅಲ್ಲಿ ಸೇರಿಕೊಂಡಿದೆ, ಟಿ-ಮ್ಯಾಕ್ಸ್ ಸುಳ್ಳೇ ಕಡಿಮೆ ತೋರಿಸುತ್ತದೆ. ಎಸ್2 ಪ್ರತಿ ಗ್ರಾಂ ಕಲ್ಲಿಗೆ 0.2 ಮಿ.ಗ್ರಾಂಗಿಂತ ಕಡಿಮೆ ಇದ್ದರೆ ಗುಡ್ಡವೇ ಇರುವುದಿಲ್ಲ. ಆ ಟಿ-ಮ್ಯಾಕ್ಸ್ ಅನ್ನು ಹೊಡೆದುಹಾಕು.

ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ಟಿಒಸಿ ಶೇ. 2, ಎಸ್2 6 ಮಿ.ಗ್ರಾಂ ಎಂದುಕೋ. ಹೈಡ್ರೋಜನ್ ಇಂಡೆಕ್ಸ್, ಅಂದರೆ ಎಸ್2 ಅನ್ನು ಟಿಒಸಿಯಿಂದ ಭಾಗಿಸಿ ನೂರರಿಂದ ಗುಣಿಸಿದ್ದು, 300. ಎಸ್1 0.5 ಇದ್ದು ಟಿ-ಮ್ಯಾಕ್ಸ್ 437 ಬಂದರೆ ಎಲ್ಲ ಒಂದಕ್ಕೊಂದು ಹೊಂದುತ್ತದೆ. ಪ್ರೊಡಕ್ಷನ್ ಇಂಡೆಕ್ಸ್, ಅಂದರೆ ಎಸ್1 ಮತ್ತು ಎಸ್2ರ ಮೊತ್ತದಲ್ಲಿ ಎಸ್1ರ ಪಾಲು, 0.08. ಎಣ್ಣೆ ಹುಟ್ಟುವ ಹೊಸ್ತಿಲಲ್ಲಿರುವ ಬಂಡೆ. ಅದೇ ಬಂಡೆಯಲ್ಲಿ ಎಸ್1 4, ಟಿ-ಮ್ಯಾಕ್ಸ್ 428 ಬಂದರೆ? ಪ್ರೊಡಕ್ಷನ್ ಇಂಡೆಕ್ಸ್ 0.4 ಆಗುತ್ತದೆ. ಅಷ್ಟಾಗಬೇಕಾದರೆ ಬಂಡೆ ಎಣ್ಣೆಯ ಹಂತದ ಕೊನೆಗೆ ಬಂದಿರಬೇಕು, ಟಿ-ಮ್ಯಾಕ್ಸ್ ನೋಡಿದರೆ ಇನ್ನೂ ಹಸಿ ಎನ್ನುತ್ತಿದೆ. ಹೊರಗಿನ ಎಣ್ಣೆ ಸೇರಿದೆ ಎಂದೇ ಅನುಮಾನಿಸಬೇಕು. ಅದು ಡೀಸೆಲ್ಲೂ ಆಗಬಹುದು, ಬೇರೆಡೆಯಿಂದ ಹರಿದುಬಂದ ನಿಜವಾದ ಎಣ್ಣೆಯೂ ಆಗಬಹುದು. ಡೈಕ್ಲೋರೋಮೀಥೇನ್‌ನಲ್ಲಿ ತೊಳೆದು, ಒಣಗಿಸಿ, ಮತ್ತೆ ಓಡಿಸು. ತೊಳೆದಾಗ ಇಳಿದ ಎಣ್ಣೆಯನ್ನು ಚೆಲ್ಲಬೇಡ, ಗ್ಯಾಸ್ ಕ್ರೊಮ್ಯಾಟೋಗ್ರಾಫ್‌ಗೆ ಹಾಕಿದರೆ ಅದು ಯಾವುದೆಂದು ತಿಳಿಯುತ್ತದೆ.

ಟಿ-ಮ್ಯಾಕ್ಸ್‌ನಿಂದ ವಿಟ್ರಿನೈಟ್ ಪ್ರತಿಫಲನ (ಬಂಡೆಯಲ್ಲಿನ ಮರದ ಕಣಗಳು ಎಷ್ಟು ಬೆಳಕು ಹಿಂತಿರುಗಿಸುತ್ತವೆ ಎಂಬ, ಬಂಡೆ ಬೆಂದಷ್ಟೂ ಏರುವ ಅಳತೆ) ಲೆಕ್ಕ ಹಾಕುವ ಸೂತ್ರ ನಿನಗೆ ಗೊತ್ತಿರುತ್ತದೆ: 0.018ರಿಂದ ಗುಣಿಸಿ 7.16 ಕಳೆಯುವುದು. 445ಕ್ಕೆ 0.85 ಬರುತ್ತದೆ. ಅದು ಅಮೆರಿಕದ ಬಾರ್ನೆಟ್ ಶೇಲ್‌ಗೆ, ಸಮುದ್ರಮೂಲದ ಕೆರೊಜೆನ್‌ಗೆ ಕಟ್ಟಿದ ಸೂತ್ರ. ಕ್ಯಾಂಬೆಯಲ್ಲಿ ನೆಲದ ಗಿಡಮರಗಳ ಅಂಶ ಹೆಚ್ಚು. ಕಣ್ಣಾರೆ ಅಳೆದ ಪ್ರತಿಫಲನ ಇಲ್ಲದೆ ವರದಿಯಲ್ಲಿ ಆ ಅಂಕಿ ಬರೆಯಬೇಡ.

ಗಿಡಮರದ ಅಂಶ ಎಂದಾಕ್ಷಣ ‘ಇದು ಬರೀ ಗ್ಯಾಸ್’ ಎಂದು ತೀರ್ಮಾನಿಸುವವರಿದ್ದಾರೆ. ಆತುರದ ಮಾತದು. ಸೂರತ್ ಜಿಲ್ಲೆಯ ವಸ್ತಾನ್ ಲಿಗ್ನೈಟ್ ಗಣಿಯಲ್ಲಿ, ಇದೇ ಕ್ಯಾಂಬೆ ಪದರಗಳಲ್ಲಿ, ಮರದ ಅಂಟು ಕಲ್ಲಾಗಿ ಅಂಬರ್ ಸಿಕ್ಕಿದೆ. ಅದರೊಳಗೆ 5 ಕೋಟಿ ವರ್ಷ ಹಿಂದಿನ ಕೀಟಗಳು ಇದ್ದ ಹಾಗೇ ಉಳಿದಿವೆ. ಅಂಥ ಅಂಟು, ಎಲೆಯ ಮೇಣ, ಬೀಜಕಣಗಳು ಮರದಿಂದ ಬಂದರೂ ಎಣ್ಣೆ ಕೊಡುತ್ತವೆ. ಫ್ಲೋರೊಸೆನ್ಸ್ ಬೆಳಕಿನಲ್ಲಿ ಹಳದಿಯಾಗಿ ಹೊಳೆಯುವುದನ್ನು ಎಣಿಸದೆ ಕೆರೊಜೆನ್‌ಗೆ ಹೆಸರಿಡಬೇಡ. ಇದಕ್ಕೆ ತಿರುಗಾಮುರುಗಾ ಇನ್ನೊಂದು: ಹೈಡ್ರೋಜನ್ ಇಂಡೆಕ್ಸ್ 30 ಬಂದರೆ ಅದು ಮೊದಲಿಂದಲೂ ಬಡ ಬಂಡೆ ಇರಬಹುದು, ಅಥವಾ ತನ್ನಲ್ಲಿದ್ದುದನ್ನೆಲ್ಲ ಕೊಟ್ಟು ಬರಿದಾದ ಒಳ್ಳೆಯ ಬಂಡೆಯೂ ಇರಬಹುದು. ಪ್ರತಿಫಲನ 0.5 ಇದ್ದರೆ ಮೊದಲನೆಯದು. 1.6 ಇದ್ದರೆ ಎರಡನೆಯದರ ಸಾಧ್ಯತೆಯನ್ನೂ ತೂಗಿ ನೋಡಬೇಕು.

ಒಂದೇ ಪದರದ ಹತ್ತಿಪ್ಪತ್ತು ಮಾದರಿಗಳಾದ ಮೇಲೆ ಟಿಒಸಿ ಅಡ್ಡಕ್ಕೆ, ಎಸ್2 ಉದ್ದಕ್ಕೆ ಇಟ್ಟು ಗೆರೆ ಎಳೆ. ಗೆರೆ ಸೊನ್ನೆಗೆ ಹೋಗದೆ ಟಿಒಸಿ ಶೇ. 0.4ರ ಬಳಿ ಅಕ್ಷ ಮುಟ್ಟಿದರೆ, ಅಷ್ಟು ಇಂಗಾಲ ಜಡವಾಗಿದೆ ಅಥವಾ ಜೇಡಿ ಖನಿಜಗಳು ಹೈಡ್ರೋಕಾರ್ಬನ್‌ಗಳನ್ನು ಹಿಡಿದಿಟ್ಟುಕೊಂಡಿವೆ. ಶೇ. 1ರ ಆಸುಪಾಸಿನ ಬಡ ಮಾದರಿಗಳ ಹೈಡ್ರೋಜನ್ ಇಂಡೆಕ್ಸ್ ಅನ್ನು ಹಾಗಾಗಿ ಒಂದೊಂದಾಗಿ ನಂಬುವಂತಿಲ್ಲ.

ಬಂಡೆಯಿಂದಲೇ ನೇರ ಉತ್ಪಾದನೆ ಆಗುತ್ತದೋ ಎಂಬ ಪ್ರಶ್ನೆ ಬೇರೆ. ಅದಕ್ಕೆ ಎಕ್ಸ್‌ಆರ್‌ಡಿ, ಅಂದರೆ ಖನಿಜಗಳನ್ನು ಗುರುತಿಸುವ ಎಕ್ಸ್-ರೇ ಪರೀಕ್ಷೆ, ಬೇಕು. ಜೇಡಿ ಹೆಚ್ಚಾದಷ್ಟೂ ಬಂಡೆ ಬಿರಿಯದೆ ಬಗ್ಗುತ್ತದೆ. ಹೆಸರು ನೋಡಿಯೂ ಬಂಡೆಯನ್ನು ಅಳೆಯಬೇಡ. ಕಲ್ಲಿದ್ದಲು ಇಲ್ಲವೆಂದು ‘ಬ್ಯಾರನ್ ಮೆಷರ್ಸ್’, ಬರಡು ಪದರ, ಎಂದು ಕರೆಸಿಕೊಂಡ ಶೇಲ್‌ನಿಂದಲೇ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ದುರ್ಗಾಪುರದ ಬಳಿಯ ಒಎನ್‌ಜಿಸಿ ಬಾವಿಯಲ್ಲಿ, ಸುಮಾರು 1,700 ಮೀಟರ್ ಆಳದಿಂದ ಗ್ಯಾಸ್ ಬಂತು.

ಪ್ರತಿ ಹತ್ತು ಮಾದರಿಗೊಮ್ಮೆ ಅಂಕಿ ಮೊದಲೇ ಗೊತ್ತಿರುವ ಸ್ಟ್ಯಾಂಡರ್ಡ್ ಮಾದರಿ ಓಡಿಸುವುದನ್ನು ತಪ್ಪಿಸಬೇಡ. ಪ್ರತಿ ಮಾದರಿಯ ಪುಡಿಯಲ್ಲಿ ಅರ್ಧವನ್ನು ಗಾಜಿನ ಸೀಸೆಯಲ್ಲಿ ಮುಚ್ಚಿಟ್ಟುಕೋ, ತೊಳೆದು ಮತ್ತೆ ಓಡಿಸಬೇಕಾದಾಗ ಬೇಕಾಗುತ್ತದೆ. ಮೊದಲ ಹತ್ತು ಗ್ರಾಫ್‌ಗಳನ್ನು ನನಗೆ ಕಳಿಸು, ಕೂತು ನೋಡುತ್ತೇನೆ.

ಇಂತಿ,
ನಿನ್ನ ಮಾವ