ಗೆಳೆಯನಿಗೊಂದು ಪತ್ರ: ಮೆಷಿನ್ ಆಮೇಲೆ, ಮೊದಲು ಕಾರ್ಡು

ಪ್ರೀತಿಯ ಗೆಳೆಯಾ,

ಈ ಸಲ ಸಂಕ್ರಾಂತಿಗೆ ಎಳ್ಳು ಬೆಲ್ಲದ ಜೊತೆ ಕೈಯಲ್ಲೇ ಮಾಡಿದ ಕಾರ್ಡು ಕೊಡಬೇಕು, ದೂರ ಇರುವವರಿಗೆ ಅಂಚೆಯಲ್ಲಿ ಕಳಿಸಬೇಕು ಅಂತ ಬರೆದಿದ್ದೀಯ. ಓದಿ ಖುಷಿಯಾಯ್ತು. ಆದರೆ ಅದೇ ಮೆಸೇಜಿನ ಕೊನೆಯಲ್ಲಿ, ಕಾಗದವನ್ನು ಬೇಕಾದ ಆಕಾರಕ್ಕೆ ಕತ್ತರಿಸುವ ಡೈ ಕಟಿಂಗ್ ಮೆಷಿನ್ ಯಾವುದು ತಗೊಳ್ಳಲಿ ಅಂತ ಕೇಳಿದ್ದೀಯಲ್ಲ, ಅದಕ್ಕೇ ಇಷ್ಟುದ್ದದ ಪತ್ರ. ತಗೋಬೇಡ. ಅಂದರೆ, ಈಗಲೇ ತಗೋಬೇಡ.

ನನಗೂ ಆ ಮೆಷಿನ್ ಇಷ್ಟವೇ. ಎರಡು ರೋಲರು, ಒಂದು ಹಿಡಿಕೆ, ಅಷ್ಟೇ ಅದು. ಪ್ಲಾಸ್ಟಿಕ್ ಪ್ಲೇಟಿನ ಮೇಲೆ ಕಾಗದ ಇಟ್ಟು, ಅದರ ಮೇಲೆ ತೆಳ್ಳಗಿನ ಸ್ಟೀಲ್ ಡೈಯನ್ನು, ಅಂದರೆ ಆಕಾರ ಕತ್ತರಿಸುವ ಅಚ್ಚನ್ನು, ಹರಿತವಾದ ಅಂಚು ಕೆಳಗೆ ಬರುವ ಹಾಗೆ ಕೂರಿಸಿ, ಮೇಲೆ ಇನ್ನೊಂದು ಪ್ಲೇಟ್ ಮುಚ್ಚಿ ಹಿಡಿಕೆ ತಿರುಗಿಸಿದರೆ ಎಲ್ಲವೂ ಸೇರಿ ರೋಲರುಗಳ ನಡುವೆ ಕರಕರ ಅನ್ನುತ್ತಾ ದಾಟಿಹೋಗುತ್ತದೆ. ಮೊದಲ ಸಲ ಆ ಸದ್ದು ಕೇಳಿದವರು ಪ್ಲೇಟು ಒಡೆದೇ ಹೋಯಿತು ಅಂದುಕೊಳ್ಳುತ್ತಾರೆ. ಒಡೆಯುವುದಿಲ್ಲ, ಆದರೆ ಒಂದೇ ಮಗ್ಗುಲಲ್ಲಿ ಬಳಸಿದರೆ ಬಾಗುತ್ತದೆ, ಮಗುಚಿ ಮಗುಚಿ ಹಾಕುತ್ತಿರಬೇಕು. ತೊಂದರೆ ಇರುವುದು ಮೆಷಿನ್ನಿನಲ್ಲಿ ಅಲ್ಲ, ಡೈಗಳಲ್ಲಿ. ಒಂದು ಡೈ ಒಂದೇ ಆಕಾರ, ಒಂದೇ ಅಳತೆ. ಸ್ವಲ್ಪ ದೊಡ್ಡ ಎಲೆ ಬೇಕಾ? ಇನ್ನೊಂದು ಡೈ. ನಿನಗೆ ಬೇಕಾಗಿರುವುದು ಕಬ್ಬಿನ ಜಲ್ಲೆ, ಮಡಕೆ, ಎಳ್ಳು ಬೆಲ್ಲದ ಪೊಟ್ಟಣ. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಕ್ರಿಸ್‌ಮಸ್ ಮರ, ಜಿಂಕೆ, ಹಿಮದ ಹರಳು. ಹೀಗಿದ್ದ ಮೇಲೆ ಅಷ್ಟು ದುಡ್ಡು ಸುರಿದು ಏನು ಮಾಡುತ್ತೀಯ?

ಕಬ್ಬಿಗೆ ಡೈ ಯಾಕೆ ಹೇಳು. ಕಡು ಕಂದು ಬಣ್ಣದ ಕಾಗದವನ್ನು ಸ್ಕೇಲು, ಬ್ಲೇಡು ಹಿಡಿದು ಉದ್ದುದ್ದ ಪಟ್ಟಿ ಮಾಡು. ಗಿಣ್ಣು ಬರುವ ಕಡೆ ಬಿಳಿ ಜೆಲ್ ಪೆನ್ನಿನಲ್ಲಿ ಸಣ್ಣ ಗೆರೆ. ಮೇಲೆ ಹಸಿರು ಕಾಗದದ ಎರಡು ಗರಿ ಅಂಟಿಸು, ಕತ್ತರಿ ಬೆನ್ನಿನಿಂದ ಒಮ್ಮೆ ಎಳೆದರೆ ತಾನಾಗಿ ಬಾಗಿಕೊಳ್ಳುತ್ತವೆ. ಗರಿಗಳೆಲ್ಲ ಒಂದೇ ತರ ಇರುವುದಿಲ್ಲ, ಇರಬಾರದು ಕೂಡ. ಮುಂದೆ ಎಂದಾದರೂ ಮದುವೆಗೋ ನಾಮಕರಣಕ್ಕೋ ನೂರಾರು ಕಾರ್ಡಿಗೆ ಒಂದೇ ಜಾಲರಿ ಬೇಕಾದರೆ, ಅದೂ ಕತ್ತರಿಗೆ ಸಿಗದಷ್ಟು ಸಣ್ಣ ಕೆಲಸವಾದರೆ, ಆಗ ಮೆಷಿನ್ ಬಗ್ಗೆ ಮಾತಾಡೋಣ.

ದುಡ್ಡು ಖರ್ಚು ಮಾಡಲೇಬೇಕು ಅನಿಸಿದರೆ ಒಳ್ಳೆ ಕಾಗದಕ್ಕೆ ಮಾಡು. ಎ4 ಹಾಳೆ ಅಂದರೆ ಒಂದು ಚದರ ಮೀಟರಿನ 16ನೇ ಒಂದು ಭಾಗ. ಹಾಗಾಗಿ 300 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ಹಾಳೆ ಒಂದೊಂದೂ ಸುಮಾರು 19 ಗ್ರಾಂ ತೂಗುತ್ತದೆ. ಇಡೀ ಹಾಳೆ ಮಡಚಿ ಕಾರ್ಡು ಮಾಡಿದರೆ ಕವರು ಸೇರುವಷ್ಟರಲ್ಲೇ 20 ಗ್ರಾಂ ದಾಟಿತು. ಅಂಚೆಯಲ್ಲಿ 5 ರೂಪಾಯಿ ಸ್ಟಾಂಪಿಗೆ ಹೋಗುವುದು 20 ಗ್ರಾಂ ತನಕ ಮಾತ್ರ. ಅದಕ್ಕೆ ಹಾಳೆಯನ್ನು ಎರಡು ಭಾಗ ಮಾಡಿ, ಒಂದೊಂದನ್ನೂ ಮಡಚು. ಕಾರ್ಡು 105 ಮಿಲಿಮೀಟರ್ ಅಗಲ, 148 ಮಿಲಿಮೀಟರ್ ಎತ್ತರ ಆಗುತ್ತದೆ, ತೂಕವೂ ಅರ್ಧ, ಸಿ6 ಕವರಿಗೆ ಸರಿಯಾಗಿ ಕೂರುತ್ತದೆ. ಮಡಚುವ ಮುಂಚೆ ಹಾಳೆಯನ್ನು ಎರಡೂ ಕಡೆಗೆ ಮೆತ್ತಗೆ ಬಗ್ಗಿಸಿ ನೋಡು. ಯಾವ ಕಡೆಗೆ ಸಲೀಸಾಗಿ ಬಗ್ಗುತ್ತದೋ ಆ ಕಡೆಗೇ ಮಡಿಕೆ ಬರಲಿ. ಇಲ್ಲದಿದ್ದರೆ ಮಡಿಕೆಯ ಉದ್ದಕ್ಕೂ ಕಾಗದ ಬಿರಿದು ಬಿಳಿ ನಾರು ಕಾಣುತ್ತದೆ. ಇಂಕು ಖಾಲಿಯಾದ ಬಾಲ್‌ಪೆನ್ನಿನಿಂದ ಮೊದಲು ಗೆರೆ ಒತ್ತಿಕೋ.

ಇನ್ನು ಸ್ಟೆನ್ಸಿಲ್. ಇದು ನಮಗೇನೂ ಹೊಸದಲ್ಲ. ಹಬ್ಬದ ಸಮಯಕ್ಕೆ ಗಾಂಧಿ ಬಜಾರಿನ ಫುಟ್‌ಪಾತಿನಲ್ಲಿ ತೂತು ತೂತಿನ ರಂಗೋಲಿ ಅಚ್ಚು ರಾಶಿ ಹಾಕಿಕೊಂಡು ಕೂತಿರುತ್ತಾರಲ್ಲ, ಅದು ಸ್ಟೆನ್ಸಿಲ್ ಅಲ್ಲದೆ ಇನ್ನೇನು? ಚಿಕ್ಕದೊಂದು ತಂದರೆ ಕಾರ್ಡಿನ ಹಿನ್ನೆಲೆಗೆ ಸಾಕು. ಸ್ವಂತ ವಿನ್ಯಾಸ ಬೇಕು ಅಂದರೆ ಓಎಚ್‌ಪಿ ಹಾಳೆ, ಅದೇ ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ತಂದು ಬ್ಲೇಡಿನಲ್ಲಿ ಕೊರೆದುಕೋ. ಬಣ್ಣ ಹಚ್ಚುವಾಗ ಸ್ಪಂಜು ಹೆಚ್ಚು ಕಮ್ಮಿ ಒಣಗಿಯೇ ಇರಬೇಕು. ಇಂಕ್ ಪ್ಯಾಡಿಗೆ ಮುಟ್ಟಿಸಿ, ರದ್ದಿ ಕಾಗದಕ್ಕೆ ಒಮ್ಮೆ ಒರೆಸಿ, ಸ್ಟೆನ್ಸಿಲ್ಲಿನ ಅಂಚಿನ ಮೇಲಿನಿಂದ ಶುರುಮಾಡಿ ಒಳಗೆ ಸುತ್ತಿಸುತ್ತಾ ಬಾ. ಹಸಿ ಜಾಸ್ತಿಯಾದರೆ ಬಣ್ಣ ಹಾಳೆಯ ಅಡಿಗೆ ನುಗ್ಗುತ್ತದೆ, ಆಮೇಲೆ ಏನೂ ಮಾಡಲಾಗದು.

ಕನ್ನಡ ಅಕ್ಷರದ ಸ್ಟೆನ್ಸಿಲ್ ಮಾಡುತ್ತೇನೆ ಅಂದೆಯಲ್ಲ, ಅಲ್ಲಿ ಸ್ವಲ್ಪ ಹುಷಾರು. ಸಂಕ್ರಾಂತಿ ಅಂತ ಬರೆದರೆ ಎರಡು ಸೊನ್ನೆ ಬಂದವು, ಕೊನೆಯ ಗುಡಿಸಿನ ಸುತ್ತು ಬೇರೆ. ಸೊನ್ನೆಯ ಗೆರೆಯನ್ನು ಕೊರೆದ ಕೂಡಲೇ ಅದರ ಹೊಟ್ಟೆಯೂ ಕಳಚಿ ಬೀಳುತ್ತದೆ, ಸೊನ್ನೆ ಹೋಗಿ ಕರಿ ಬೊಟ್ಟು ಆಗುತ್ತದೆ. ಹೊಟ್ಟೆಯನ್ನು ಹಿಡಿದುಕೊಳ್ಳಲು ಮೇಲೊಂದು ಕೆಳಗೊಂದು ಸಣ್ಣ ಸೇತುವೆ ಬಿಡಬೇಕು. ಮೂಟೆ, ಡಬ್ಬಗಳ ಮೇಲೆ ಸ್ಟೆನ್ಸಿಲ್ ಇಟ್ಟು ಬಳಿದ ಅಕ್ಷರಗಳಲ್ಲಿ ನಡುನಡುವೆ ಗ್ಯಾಪ್ ಇರುತ್ತದಲ್ಲ, ಕಾರಣ ಇದೇ. ನಮ್ಮ ದುಂಡು ಲಿಪಿಯಲ್ಲಿ ಸೇತುವೆ ಎಲ್ಲಿ ಬಿಟ್ಟರೆ ಚೆಂದ ಅಂತ ಯೋಚಿಸುತ್ತಾ ಕೂತರೆ ಊಟದ ಹೊತ್ತು ಮೀರಿರುತ್ತದೆ.

ಅಕ್ಷರಕ್ಕೆ ರಬ್ಬರ್ ಸ್ಟಾಂಪೇ ಸರಿ ಅಂತ ನನ್ನ ಅಭಿಪ್ರಾಯ. ಅಂಗಡಿಗಳಲ್ಲಿ ಇಂಗ್ಲಿಷಿನ ಹ್ಯಾಪಿ ಬರ್ತ್‌ಡೇ ಬೇಕಾದಷ್ಟಿದೆ, ಕನ್ನಡದ್ದು ಹುಡುಕಬೇಕು. ಆದರೆ ಆಫೀಸಿನ ಸೀಲು ಮಾಡಿಕೊಡುವ ಅಂಗಡಿ ಯಾವ ಊರಲ್ಲಿಲ್ಲ? ಅವರಿಗೆ ಮ್ಯಾನೇಜರ್ ಅನ್ನುವುದೂ ಒಂದೇ, ಸಂಕ್ರಾಂತಿ ಶುಭಾಶಯ ಅನ್ನುವುದೂ ಒಂದೇ. ಫಾಂಟಿನಲ್ಲಿ ಟೈಪ್ ಮಾಡಿ ಕೊಡಬೇಡ. ನಿನ್ನ ಅಮ್ಮನ ಅಕ್ಷರ ಎಷ್ಟು ದುಂಡಗಿದೆ! ಬಿಳಿ ಹಾಳೆಯ ಮೇಲೆ ಕಪ್ಪು ಸ್ಕೆಚ್ ಪೆನ್ನಿನಲ್ಲಿ ಅವರ ಕೈಯಲ್ಲೇ ಬರೆಸಿ ಅದನ್ನೇ ಸೀಲು ಮಾಡಿಸು. ಕಾರ್ಡು ಬಂದವರ ಮನೆಯಲ್ಲಿ ಅರ್ಧ ಜನ ಆ ಅಕ್ಷರ ನೋಡಿಯೇ ಇದು ಯಾರ ಮನೆಯದು ಅಂತ ಗುರುತು ಹಿಡಿಯುತ್ತಾರೆ. ಇದು ಯಾವ ಡೈಗೂ ಆಗದ ಕೆಲಸ.

ಚಿತ್ರದ ಸ್ಟಾಂಪು ಮಾತ್ರ ರಬ್ಬರಿನಲ್ಲಿ ನೀನೇ ಕೆತ್ತಬಹುದು. ಟ್ರೇಸಿಂಗ್ ಹಾಳೆಯಲ್ಲಿ ಪೆನ್ಸಿಲಿನಿಂದ ಬರೆದು, ಕವುಚಿ ರಬ್ಬರಿನ ಮೇಲೆ ಉಜ್ಜಿದರೆ ಚಿತ್ರ ಉಲ್ಟಾ ಆಗಿಯೇ ಇಳಿಯುತ್ತದೆ, ಒತ್ತಿದಾಗ ಸರಿಯಾಗಿ ಬರುತ್ತದೆ. ಅಮ್ಮನ ಸಕ್ಕರೆ ಅಚ್ಚಿನ ಮರದ ಮಣೆಯಲ್ಲೂ ಇದೇ ಲೆಕ್ಕ ಅಲ್ವಾ. ತಿರುವಿನಲ್ಲಿ ಬ್ಲೇಡು ತಿರುಗಿಸಬೇಡ, ರಬ್ಬರನ್ನು ತಿರುಗಿಸು. ಒತ್ತುವಾಗ ಕಾರ್ಡಿನ ಕೆಳಗೆ ಹಳೇ ಮೌಸ್ ಪ್ಯಾಡ್ ಇರಲಿ, ಇಂಕ್ ಪ್ಯಾಡನ್ನೇ ಸ್ಟಾಂಪಿಗೆ ತಟ್ಟಿ ತಟ್ಟಿ ಇಂಕು ಹಚ್ಚು, ಕಾಗದದ ಮೇಲೆ ನೇರ ಇಳಿಸಿ ನೇರ ಎತ್ತು. ಅಲ್ಲಾಡಿಸಿದರೆ ಅಂಚೆಲ್ಲ ಮಸಿ.

ಒಂದೇ ಒಂದು ಚಪಲಕ್ಕೆ ನನ್ನ ಒಪ್ಪಿಗೆ ಇದೆ, ಎಂಬಾಸಿಂಗ್ ಪೌಡರ್, ಅಂದರೆ ಬಿಸಿಗೆ ಕರಗಿ ಅಕ್ಷರವನ್ನು ಉಬ್ಬಿಸುವ ಪುಡಿ. ಮೊದಲು ಬಟ್ಟೆಯ ಸಣ್ಣ ಗಂಟಿನಲ್ಲಿ ಟಾಲ್ಕಂ ಪೌಡರ್ ಕಟ್ಟಿ ಕಾರ್ಡಿನ ಮೇಲೆ ಮೆಲ್ಲಗೆ ತಟ್ಟು, ಸ್ಟ್ಯಾಟಿಕ್ ಹೋಗುತ್ತದೆ, ಬೇಡದ ಕಡೆ ಪುಡಿ ಅಂಟುವುದಿಲ್ಲ. ಬೇಗ ಒಣಗದ ಪಿಗ್ಮೆಂಟ್ ಇಂಕಿನಲ್ಲಿ ಸ್ಟಾಂಪ್ ಒತ್ತಿ, ಹಸಿ ಇರುವಾಗಲೇ ಬಂಗಾರದ ಬಣ್ಣದ ಪುಡಿ ಉದುರಿಸಿ, ಹೆಚ್ಚಿನದನ್ನು ಕೊಡವಿ ಡಬ್ಬಿಗೇ ಹಾಕು. ಈಗ ಹೀಟ್ ಗನ್ ಹಿಡಿ. ಒಂದೆರಡು ಕ್ಷಣ ಏನೂ ಆಗುವುದಿಲ್ಲ, ಪುಡಿ ಮಂಕಾಗಿ ಹಾಗೇ ಕೂತಿರುತ್ತದೆ. ಆಮೇಲೆ ಒಂದು ಮೂಲೆಯಲ್ಲಿ ಕಾಳುಗಳು ಕರಗಿ ಒಂದಕ್ಕೊಂದು ಸೇರಿ ಥಳ್ ಅಂತ ಹೊಳೆಯುತ್ತವೆ, ಗನ್ನು ಸರಿಸಿದ ಹಾಗೆ ಆ ಹೊಳಪು ಅಕ್ಷರದಿಂದ ಅಕ್ಷರಕ್ಕೆ ಹರಿಯುತ್ತದೆ. ಅಲ್ಲಿಗೆ ಸಾಕು, ತಕ್ಷಣ ಮುಂದೆ ಹೋಗು. ಹೆಚ್ಚು ಕಾಯಿಸಿದರೆ ಹೊಳಪು ಕಾಗದದೊಳಗೆ ಇಂಗಿ ಎಣ್ಣೆ ಕಲೆ ಬಿದ್ದಂತಾಗುತ್ತದೆ. ಹೇರ್ ಡ್ರೈಯರಿನಲ್ಲಿ ಆಗುವುದಿಲ್ಲವಾ ಅಂತ ಕೇಳಬೇಡ, ಅದರ ಗಾಳಿ ಜೋರು, ಬಿಸಿ ಕಮ್ಮಿ, ಪುಡಿಯೆಲ್ಲ ಗೋಡೆಗೆ.

ಇಷ್ಟೆಲ್ಲ ಬರುತ್ತೆ ಅಂತ ಒಂದೇ ಕಾರ್ಡಿಗೆ ಎಲ್ಲವನ್ನೂ ತುಂಬಬೇಡ ಮಾರಾಯ. ಸ್ಟೆನ್ಸಿಲ್ ಹಿನ್ನೆಲೆಯಲ್ಲಿ ತೆಳ್ಳಗಿರಲಿ, ಕಬ್ಬು ಎದ್ದು ಕಾಣಲಿ, ಅಕ್ಷರ ಕೆಳಗಿರಲಿ, ಉಳಿದ ಜಾಗ ಸುಮ್ನೆ ಖಾಲಿ ಬಿಡು. ಮುತ್ತು, ಮಿಂಚು, ರಿಬ್ಬನ್ನು ಬೇಡ. ಅಂಟಿಗೆ ಫೆವಿಕಾಲ್ ಬೇಡ, ಅದರ ನೀರಿಗೆ ಕಾಗದ ಅಲೆ ಅಲೆಯಾಗಿ ಏಳುತ್ತದೆ, ಡಬಲ್ ಸೈಡ್ ಟೇಪು ಸಾಕು. ಎತ್ತರಕ್ಕೆ ಅಂತ ಫೋಮ್ ಟೇಪು ಹಾಕುವುದಾದರೆ ಕೈಯಲ್ಲಿ ಕೊಡುವ ಕಾರ್ಡಿಗೆ ಮಾತ್ರ ಹಾಕು. ಅಂಚೆಯಲ್ಲಿ ಹೋಗುವುದರ ಮೇಲೆ ಎಷ್ಟು ಕಟ್ಟುಗಳು ಬೀಳುತ್ತವೋ, ಎಷ್ಟು ಸಲ ಮುದ್ರೆ ಕುಟ್ಟುತ್ತಾರೋ. ಕಬ್ಬು ಚಪ್ಪಟೆಯಾಗಿಯೇ ಇರಲಿ.

ಒಳಗಡೆ ಏನನ್ನೂ ಅಚ್ಚು ಒತ್ತಬೇಡ. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಮೊದಲ ಕ್ರಿಸ್‌ಮಸ್ ಕಾರ್ಡು ಅಚ್ಚು ಹಾಕಿಸಿದ್ದೇ ಎಲ್ಲರಿಗೂ ಕಾಗದ ಬರೆಯುವ ಕೆಲಸ ತಪ್ಪಿಸಿಕೊಳ್ಳಲು. ಚಿತ್ರ ಬರೆದವನು ಜಾನ್ ಹಾರ್ಸ್ಲಿ. ಕಲ್ಲಚ್ಚಿನಲ್ಲಿ ಒತ್ತಿ, ಬಣ್ಣವನ್ನು ಮಾತ್ರ ಒಂದೊಂದಕ್ಕೂ ಕೈಯಲ್ಲೇ ತುಂಬಿದ್ದರು. ಅವನಿಗೆ ಪುರುಸೊತ್ತು ಇರಲಿಲ್ಲ, ಬಿಡು. ನಿನ್ನ ಪಟ್ಟಿಯಲ್ಲಿ ಇರುವುದೇ 30 ಜನ. ಒಬ್ಬೊಬ್ಬರಿಗೂ ಎರಡು ಸಾಲು ಬರೆಯಬಹುದು. ದಾವಣಗೆರೆ ಅತ್ತೆಗೆ ಬರೆಯುವುದು, ಅಮೆರಿಕದ ಅಣ್ಣನಿಗೆ ಬರೆಯುವುದು ಒಂದೇ ಆಗಿರಬೇಕಾಗಿಲ್ಲವಲ್ಲ. ಅಂದಹಾಗೆ ಅಣ್ಣನ ಕಾರ್ಡನ್ನು ಡಿಸೆಂಬರ್ ಶುರುವಿನಲ್ಲೇ ಅಂಚೆಗೆ ಹಾಕು, ಅಲ್ಲಿ ಕ್ರಿಸ್‌ಮಸ್ ಟಪಾಲು ಗುಡ್ಡೆ ಬಿದ್ದಿರುತ್ತದೆ.

ಅಮ್ಮನ ಕೈಲಿ ಬರೆಸಿದ್ದನ್ನು ನನಗೂ ಕಳಿಸು. ಫೋನಿನಲ್ಲಿ ಫೋಟೋ ತೆಗೆದು ವಾಟ್ಸಾಪಿನಲ್ಲಿ ಹಾಕಿದರೆ ಅಂಚು ಮಸುಕಾಗುತ್ತದೆ, ಜೆರಾಕ್ಸ್ ಅಂಗಡಿಯಲ್ಲಿ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ ಮೇಲ್ ಮಾಡು. ಸೀಲಿನವರಿಗೂ ಅದನ್ನೇ ಕೊಡು. ಒತ್ತಕ್ಷರಗಳನ್ನು ಸ್ವಲ್ಪ ದೊಡ್ಡದಾಗಿ ಬಿಡಿಬಿಡಿಯಾಗಿ ಬರೆಯಲು ಹೇಳು, ಕ್ರಾ ಕೆಳಗಿನದು ಸಣ್ಣದಾದರೆ ಇಂಕು ತುಂಬಿಕೊಂಡು ಮುಚ್ಚಿಹೋಗುತ್ತದೆ.

ನಿನ್ನ ಗೆಳೆಯ