ಕಥೆ ಬರೆದರೆ ಏನಾಗುತ್ತೆ ಅಂದೆಯಲ್ಲ

ಪುಟ್ಟಿ,

ಮೊನ್ನೆ ಫೋನಿನಲ್ಲಿ "ಕಥೆ ಬರೆದರೆ ಯಾರ ಬದುಕು ಬದಲಾಗುತ್ತಮ್ಮ" ಅಂದುಬಿಟ್ಟೆ. ಬರೆದದ್ದನ್ನ ಹರಿದು ಹಾಕಿದೆ ಅಂತಲೂ ಹೇಳಿದೆ. ನಾನು ಬಸ್ಸಿನಲ್ಲಿದ್ದೆ, ಉತ್ತರ ಕೊಡೋಕೆ ಆಗಲಿಲ್ಲ.

ನಮ್ಮ ಹಾಸನದ ಕಥೆಗಾರ್ತಿ ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನೀನೂ ಕುಣಿದಾಡಿದ್ದೆ, ಅಲ್ವಾ? ಆದರೆ ಅದಕ್ಕೂ ಎಷ್ಟೋ ವರ್ಷ ಮೊದಲು, ಹೆಣ್ಣುಮಕ್ಕಳೂ ಮಸೀದಿಗೆ ಹೋಗಬಹುದು ಅಂದದ್ದಕ್ಕೆ ಅವರು ಬಹಿಷ್ಕಾರ ಅನುಭವಿಸಿದರು. ಬರೆಯೋರ ಮಾತಿಗೆ ಬೆಲೆಯೇ ಇಲ್ಲ ಅಂತಾಗಿದ್ದರೆ ಅವರ ಮೇಲೆ ಯಾಕಷ್ಟು ಸಿಟ್ಟು ಬರಬೇಕಿತ್ತು?

ಇನ್ನು ನಾನೇ ಕಣ್ಣಾರೆ ಕಂಡದ್ದು. ಹತ್ತನೇ ಕ್ಲಾಸಿನ ಬೇಸಿಗೆ ರಜೆಗೆ ಕೊಪ್ಪದ ಮನೆಗೆ ಹೋಗಿದ್ದೆ. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಕೈಯಲ್ಲಿತ್ತು. 1976ರ ಪುಸ್ತಕ, ನಿಜವಾಗಿ ಬದುಕಿದ್ದ ಒಬ್ಬ ಬಾಲವಿಧವೆಯ ಕಥೆ. ಇಂದಿರಾ ಅವರು ಜಾಸ್ತಿ ಓದಿದವರಲ್ಲ, ಮೊದಲ ಕಾದಂಬರಿ ಬಂದಾಗ ವಯಸ್ಸು ನಲವತ್ತೈದು ದಾಟಿತ್ತು. ನಮ್ಮ ದೊಡ್ಡಜ್ಜಿಗೆ ಓದು ಬರುತ್ತಿರಲಿಲ್ಲ. ಜಗಲಿಯಲ್ಲಿ ಕೂತು ಹೂಬತ್ತಿ ಹೊಸೆಯುತ್ತಾ ಕೇಳುತ್ತಿದ್ದಳು, ನಾನು ಗಟ್ಟಿಯಾಗಿ ಓದುತ್ತಿದ್ದೆ. ಗಂಡ ಸತ್ತ ದಾಕ್ಷಾಯಿಣಿ ತಲೆ ಬೋಳಿಸಿಕೊಳ್ಳಲ್ಲ ಅಂತ ಹಟ ಹಿಡಿಯುತ್ತಾಳೆ, ಮಡಿ ಹೆಂಗಸು ಫಣಿಯಮ್ಮ ಅವಳ ಪರ ನಿಲ್ಲುತ್ತಾಳೆ. ಅಲ್ಲಿಗೆ ಬಂದಾಗ ದೊಡ್ಡಜ್ಜಿಯ ಕೈ ನಿಂತುಹೋಯಿತು. ಹತ್ತಿ ಮೊಣಕಾಲ ಮೇಲೆ ಹಾಗೇ ಬಿತ್ತು. ಕೆಂಪು ಸೀರೆಯ ಸೆರಗಿನೊಳಗೆ ಕೈ ಹಾಕಿ ತನ್ನ ಬೋಳುತಲೆಯನ್ನು ಒಮ್ಮೆ ಸವರಿಕೊಂಡಳು. ಹದಿಮೂರಕ್ಕೆ ಗಂಡನನ್ನು ಕಳೆದುಕೊಂಡವಳು ಅವಳು.

"ಅದನ್ನ ಇನ್ನೊಂದ್ಸಲ ಓದು ಮಗಾ" ಅಂದಳು. ಓದಿದೆ. ಅವಳು ಬೇರೆ ಏನೂ ಹೇಳಲಿಲ್ಲ.

ಎರಡು ವರ್ಷದ ಮೇಲೆ ಚಿಕ್ಕಪ್ಪ ತೀರಿಕೊಂಡರು. ಹತ್ತನೇ ದಿನ ಚಿಕ್ಕಮ್ಮನ ಬಳೆ ಒಡೆಸೋಕೆ ಹೆಂಗಸರೆಲ್ಲ ಸೇರಿದ್ದರು. ಯಾವತ್ತೂ ದನಿ ಎತ್ತದ ದೊಡ್ಡಜ್ಜಿ ಗೋಡೆ ಹಿಡಿದು ಎದ್ದು ಬಂದಳು. "ಅವಳ ಕೈ ಮುಟ್ಟಬೇಡಿ. ನನಗೆ ಮಾಡಿದ್ದೇ ಸಾಕು" ಅಂದಳು. ಅಷ್ಟು ವಯಸ್ಸಾದ ಮಡಿ ಹೆಂಗಸೇ ಬೇಡ ಅಂದಮೇಲೆ ಎದುರಾಡೋಕೆ ಯಾರಿಗೂ ಬಾಯಿ ಬರಲಿಲ್ಲ.

ಚಿಕ್ಕಮ್ಮನ ಕೈಯಲ್ಲಿ ಇವತ್ತಿಗೂ ಹಸಿರು ಗಾಜಿನ ಬಳೆ ಇರುತ್ತಲ್ಲ, ನೀನು ಚಿಕ್ಕವಳಿದ್ದಾಗ ಅದರ ಸದ್ದು ಕೇಳುತ್ತಾ ಮಲಗುತ್ತಿದ್ದೆ. ಆ ಬಳೆ ಉಳಿದದ್ದು ಹೀಗೆ.

ನಿನ್ನ ಕಥೆ ಹರಿದುಹೋಗಿದ್ದರೆ ಪರವಾಗಿಲ್ಲ, ನೆನಪಿದ್ದಷ್ಟು ಮತ್ತೆ ಬರಿ. ದಸರಾ ರಜೆಗೆ ಬರುವಾಗ ತಗೊಂಡು ಬಾ. ಈ ಸಲ ನೀನು ಓದು, ನಾನು ಕೇಳ್ತೀನಿ.

ನಿನ್ನ ಅಮ್ಮ
ಹಾಸನ