ಚೆಲುವಪಿಳ್ಳೆ ಯಾರ ಮಡಿಲಲ್ಲಿದ್ದ?

ಪ್ರೀತಿಯ ಪುಟ್ಟಿ,

ಸಂಕ್ರಾಂತಿ ದಿನ ನೀನು ಫೋನಲ್ಲಿ ಕೇಳಿದ್ದಕ್ಕೆ ಆಗ ಉತ್ತರ ಕೊಡೋಕಾಗಲಿಲ್ಲ. ಹೊರಗೆ ದನಗಳನ್ನ ಕಿಚ್ಚು ಹಾಯಿಸೋ ಗಲಾಟೆ, ಒಳಗೆ ಎಳ್ಳು ಬೀರೋಕೆ ಬಂದ ಹೆಣ್ಣುಮಕ್ಕಳು. "ಇಷ್ಟೆಲ್ಲಾ ಆದಮೇಲೂ ದಿನಾ ದೀಪ ಹಚ್ತೀಯಲ್ಲಮ್ಮ, ನಿನ್ನ ಬದುಕಲ್ಲಿ ಆ ದೇವರು ಎಲ್ಲಿದ್ದ, ತೋರ್ಸು" ಅಂದೆ. ಸಿಟ್ಟಲ್ಲಿ ಅಂದೆ ಅಂತ ಗೊತ್ತು. ಮದುವೆ ಮಾತು ಮುರಿದು ಇನ್ನೂ ತಿಂಗಳಾಗಿರಲಿಲ್ಲ, ಸಿಟ್ಟು ಬರದೆ ಇನ್ನೇನು ಬರುತ್ತೆ?

ಮೊದಲು ಒಂದು ಹೇಳ್ಬಿಡ್ತೀನಿ. "ಆಗೋದೆಲ್ಲಾ ಒಳ್ಳೇದಕ್ಕೇ" ಅಂತ ನಾನು ನಿನಗೆ ಹೇಳಲ್ಲ. ನಿಮ್ಮಪ್ಪ ಹೋದಾಗ ಬಂದವರೆಲ್ಲ ಅದನ್ನೇ ಹೇಳಿ, ಕಾಫಿ ಕುಡಿದು ಹೋದರು. ಇನ್ನು ಕೆಲವರು "ದೇವರು ಪರೀಕ್ಷೆ ಮಾಡ್ತಾನೆ ಕಣಮ್ಮ" ಅಂದರು. ಮನೆ ಯಜಮಾನನನ್ನ ಕಿತ್ತುಕೊಂಡು ಮಾಡೋ ಪರೀಕ್ಷೆ ಯಾವುದು? ಅಂಗನವಾಡೀಲಿ ಮೂರು ವರ್ಷದ ಮಕ್ಕಳನ್ನ ನೋಡ್ಕೊಳ್ಳೋ ನಾನೇ ಅಂಥ ಪರೀಕ್ಷೆ ಇಡಲ್ಲ, ಅವನು ಇಡ್ತಾನಾ?

ಈ ವಿಷಯದಲ್ಲಿ ನಿಮ್ಮಜ್ಜಿ ನನಗಿಂತ ಗಟ್ಟಿ. ನೀನಿನ್ನೂ ಮಗು, 2003ರ ಬರ. ನಾಲೇಲಿ ನೀರಿಲ್ಲ, ಕಬ್ಬು ಗದ್ದೇಲೇ ಒಣಗಿ ಸೋಗೆಯಾಗಿತ್ತು. ನಮ್ಮೋರು ಪೇಪರಲ್ಲಿ ಮೊದಲು ನೋಡೋದೇ ಕಟ್ಟೆ ಮಟ್ಟ, ಕನ್ನಂಬಾಡಿ 124.80 ಅಡಿ ಮುಟ್ಟಿತು ಅಂದ್ರೆ ಮಂಡ್ಯಕ್ಕೆಲ್ಲ ಹಬ್ಬ. ಕಟ್ಟೆ ಕಟ್ಟಿದಾಗ ಹಳೇ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ಗುಡಿ ಮುಳುಗಿತ್ತಲ್ಲ, ನೀರು ತೀರಾ ತಗ್ಗಿದ ವರ್ಷಗಳಲ್ಲಿ ಅದು ಮೇಲೆದ್ದು ಕಾಣೋದು. (ಈಗ ಕಲ್ಲು ಕಲ್ಲು ಬಿಚ್ಚಿ ಹೊಸ ಕನ್ನಂಬಾಡೀಲಿ ಕಟ್ಟಿದ್ದಾರೆ, ನೀನು ನೋಡಿದ್ದು ಅದನ್ನೇ.) ಊರಿಗೆ ಬಂದ ಹರಿಕಥೆ ದಾಸರು "ನೋಡಿ, ಬರಗಾಲದಲ್ಲೇ ಭಗವಂತ ಕಣ್ಣಿಗೆ ಕಾಣೋದು" ಅಂದರು. ಜನ ತಲೆದೂಗಿದರು. ನಿಮ್ಮಜ್ಜಿ ಮಾತ್ರ ಮುಂದಿನ ಸಾಲಲ್ಲೇ ಕೂತು, "ಅಂಗಾದ್ರೆ ಅವ್ನು ಮುಳುಗೇ ಇರ್ಲಿ ಬುಡಿ ಸ್ವಾಮಿ, ಗದ್ದೆಗೆ ನೀರು ಬರ್ಲಿ" ಅಂದುಬಿಟ್ಟರು! ಅದೇ ಅಜ್ಜಿ ಮನೆಗೆ ಬಂದು ಕೈಕಾಲು ತೊಳೆದು ದೀಪ ಹಚ್ಚಿದರು. ಯಾಕತ್ತೆ ಅಂದ್ರೆ, "ಬಯ್ಯಕ್ಕಾದ್ರೂ ಒಬ್ಬ ಬ್ಯಾಡ್ವಾ ಮಗ?" ಅಂದರು.

ಈಗ ನಿನ್ನ ಪ್ರಶ್ನೆಗೆ ಬರ್ತೀನಿ. ನಿಮ್ಮಪ್ಪನಿಗೆ ಕಿಡ್ನಿ ಕೈಕೊಟ್ಟು ಮೈಸೂರಿನ ದೊಡ್ಡಾಸ್ಪತ್ರೇಲಿ ಮಲಗಿದ್ದಾಗ ನೀನು ಆರನೇ ಕ್ಲಾಸು, ಅಜ್ಜಿ ಹತ್ರ ಊರಲ್ಲಿದ್ದೆ. ನಿನಗೆ ಗೊತ್ತಿರೋದು ಅಪ್ಪ ವಾಪಸ್ ಬರಲಿಲ್ಲ ಅನ್ನೋದಷ್ಟೇ. ವಾರ್ಡಲ್ಲಿ ಜೊತೆಗಿರೋಕೆ ನಾನೊಬ್ಬಳೇ. ಡ್ರಿಪ್ ಬಾಟ್ಲು ಖಾಲಿಯಾಗೋ ಮುಂಚೆ ಎದ್ದು ಹೋಗಿ ಸಿಸ್ಟರ್‌ನ ಕರೀಬೇಕು, ಇಲ್ಲಾಂದ್ರೆ ಕೊಳವೇಲಿ ರಕ್ತ ವಾಪಸ್ ಏರುತ್ತೆ. ಒಂದು ಸಲ ಹಾಗೇ ಏರಿದ್ದು ನೋಡಿ, ಆಮೇಲೆ ಕಣ್ಣು ಮುಚ್ಚೋಕೇ ಭಯ. ಮಂಚದ ಕಂಬಿಗೆ ಸೆರಗು ಕಟ್ಕೊಂಡು ಕೂತಿರ್ತಿದ್ದೆ, ತೂಕಡಿಸಿದ್ರೆ ಎಳೆದು ಎಚ್ಚರ ಆಗ್ಲಿ ಅಂತ. ಆಗ ನಿಜವಾಗಿಯೂ ಅಂದ್ಕೊಂಡೆ, ಚೆಲುವನಾರಾಯಣ ಮೇಲುಕೋಟೇಲೇ ಉಳಿದ, ಮೈಸೂರಿನ ಬಸ್ಸು ಹತ್ತಲಿಲ್ಲ ಅಂತ.

ಪಕ್ಕದ ಮಂಚದಲ್ಲಿ ಬೈಕಿಂದ ಬಿದ್ದ ಒಬ್ಬ ಹುಡುಗ. ಅವನ ತಾಯಿ ಮಂಡಿ ಮೊಹಲ್ಲದೋರು, ಬೀಡಿ ಕಟ್ಟೋ ಕೆಲಸ. ಒಂದು ರಾತ್ರಿ ಅವರು ನನ್ನ ಸೆರಗಿನ ಗಂಟನ್ನ ತಾವೇ ಬಿಚ್ಚಿ, "ಅಕ್ಕಾ, ನೀವು ಮಲ್ಕೊಳ್ಳಿ. ಎರಡೂ ಬಾಟ್ಲು ನಾನು ನೋಡ್ಕೋತೀನಿ, ಒಂದು ನೋಡೋ ಕಣ್ಣು ಎರಡು ನೋಡಲ್ವಾ?" ಅಂದರು. ನೆಲದ ಮೇಲೆ ಪೇಪರ್ ಹಾಸಿ, ತಮ್ಮ ಬುರ್ಖಾನೇ ಮಡಿಸಿ ತಲೆಗೆ ಕೊಟ್ಟರು. ಬೆಳಿಗ್ಗೆ ಕಸ ಗುಡಿಸೋಳು ಎಬ್ಬಿಸೋವರೆಗೂ ನಿದ್ದೆ ಮಾಡಿದೆ ಪುಟ್ಟಿ. ಎದ್ದಾಗ ಅವರು ಹಾಗೇ ಗೋಡೆಗೊರಗಿ ಕೂತು ಬಾಟ್ಲು ನೋಡ್ತಿದ್ರು. ನಿಮ್ಮಪ್ಪ ಅದಾದ ವಾರಕ್ಕೆ ಹೋದರು. ಅವರ ಮಗ ಉಳಿದ. ನನ್ನ ಗಂಡನ್ನ ಯಾಕೆ ಉಳಿಸಲಿಲ್ಲ ಅಂತ ಇವತ್ತಿಗೂ ಆ ದೇವರನ್ನ ಕೇಳ್ತೀನಿ. ಆದ್ರೆ ಆ ರಾತ್ರಿ ನನ್ನನ್ನ ಮಲಗಿಸಿದ್ದು ಯಾರು ಅಂತ ಕೇಳಿದ್ರೆ ನನ್ನ ಹತ್ರ ಒಂದೇ ಹೆಸರಿದೆ.

ಮೇಲುಕೋಟೆ ಕಥೆ ನಿನಗೆ ಗೊತ್ತೇ ಇದೆ. ರಾಮಾನುಜಾಚಾರ್ಯರು ಬಂದು ನೋಡಿದ್ರೆ ಉತ್ಸವಮೂರ್ತಿ ಇಲ್ಲ, ದಿಲ್ಲಿಗೆ ಹೋಗಿಬಿಟ್ಟಿದೆ. ಹುಡುಕ್ಕೊಂಡು ಹೋಗಿ "ಬಾರೋ ನನ್ನ ಚೆಲುವಪಿಳ್ಳೆ" ಅಂತ ಕರೆದಾಗ, ಮೂರ್ತಿ ಗೆಜ್ಜೆ ಸದ್ದು ಮಾಡ್ಕೊಂಡು ಬಂದು ಮಡಿಲಲ್ಲಿ ಕೂತಿತಂತೆ. ಆಚಾರ್ಯರ ಕಾಲಕ್ಕೂ ದಿಲ್ಲಿ ಸುಲ್ತಾನರ ಕಾಲಕ್ಕೂ ತಾಳೆ ಆಗಲ್ಲ ಅಂತ ನೀನು ಪಿಯುಸಿಲಿರುವಾಗಲೇ ನನ್ನ ಹತ್ರ ವಾದ ಮಾಡಿದ್ದೆ. ಆಗದೇ ಇರಲಿ. ಹೇಳೋರೆಲ್ಲ ಅವನು ಕರೆದ ತಕ್ಷಣ ಬಂದದ್ದನ್ನೇ ದೊಡ್ಡದು ಮಾಡ್ತಾರೆ. ನನಗೆ ಆಸ್ಪತ್ರೆಯಿಂದ ಬಂದಮೇಲೆ ತಲೇಲಿ ಕೂತದ್ದು ಬೇರೆ. ಮೇಲುಕೋಟೆಯೋರು ದೇವರು ಕಳೆದುಹೋದ ಅಂತ ಅಳ್ತಿದ್ದಷ್ಟು ಕಾಲವೂ ಅವನು ಕಳೆದಿರಲಿಲ್ಲ. ಅಲ್ಲಿ ಸುಲ್ತಾನನ ಮಗಳು ಅವನನ್ನ ಗೊಂಬೆ ಅಂತ ಎತ್ತಿ ಆಡಿಸ್ತಿದ್ದಳು, ಮಲಗಿಸ್ತಿದ್ದಳು. ಅವನನ್ನ ಬಿಟ್ಟಿರಲಾರದೆ ಅವಳೂ ಹಿಂದೇನೇ ಬಂದಳು. ಅವಳೇ ಬೀಬಿ ನಾಚ್ಚಿಯಾರ್, ಇವತ್ತಿಗೂ ಚೆಲುವಪಿಳ್ಳೆ ಪಾದದ ಹತ್ರ ಇದ್ದಾಳೆ. ನಾನು ಕೈಮುಗಿಯುವಾಗ ಮೊದಲು ಅವಳನ್ನೇ ನೋಡೋದು. ಮಂಡಿ ಮೊಹಲ್ಲದ ಆ ಮುಖ ನೆನಪಾಗುತ್ತೆ.

ನನ್ನ ಬದುಕಲ್ಲಿ ಅವನನ್ನ ನಾನು ಹುಡುಕೋದು ಹಾಗೇ ಪುಟ್ಟಿ. ನನ್ನ ಮಡಿಲು ಬರಿದಾಗಿದ್ದಾಗ ಅವನು ಯಾರ ಮಡಿಲಲ್ಲಿದ್ದ ಅಂತ.

ಇದೇ ಮಾತನ್ನ ಎದುರು ಮನೆ ಕಲಾಳಿಗೆ ಹೇಳೋ ಧೈರ್ಯ ನನಗಿಲ್ಲ ಅನ್ನೋದೂ ನಿನಗೆ ಗೊತ್ತಿರಲಿ. 2015ರಲ್ಲಿ ನಮ್ಮ ಜಿಲ್ಲೇಲಿ ಕಬ್ಬು ಬೆಳೆದೋರು ಒಬ್ಬರ ಹಿಂದೆ ಒಬ್ಬರು ಜೀವ ಕಳ್ಕೊಂಡರಲ್ಲ, ಅದರಲ್ಲಿ ಅವಳ ಗಂಡನೂ ಒಬ್ಬ. ಕಬ್ಬಿನ ದುಡ್ಡು ಬಂದಿರಲಿಲ್ಲ, ಕೈಸಾಲದ ಬಡ್ಡಿ ನಿಂತಿರಲಿಲ್ಲ. ಅವತ್ತು ಅವಳ ಮನೇಲಿ ನಾನು ದೇವರ ಹೆಸರೆತ್ತಲಿಲ್ಲ. ಹಸು ಹಾಲು ಕರೆದೆ, ಪಾತ್ರೆ ತೊಳೆದೆ, ಮಕ್ಕಳನ್ನ ಅಂಗನವಾಡಿಗೆ ಕರ್ಕೊಂಡು ಹೋದೆ. ತುಂಬಾ ದಿನ ಆದಮೇಲೆ ಅವಳೇ ಒಂದಿನ ಬಂದು "ಅಕ್ಕ, ಆವಾಗ ಹಸು ನೋಡ್ಕೊಂಡ್ಯಲ್ಲ" ಅಂತ ಅರ್ಧಕ್ಕೇ ನಿಲ್ಲಿಸಿದಳು. ದೇವರು ನನ್ನ ಕೈಲಿ ಬಂದ ಅಂತ ಹೇಳ್ಕೊಳ್ಳೋಕೆ ನನಗೆ ಬಾಯಿ ಬರಲ್ಲ. ಅದು ಬೇಕಾದ್ರೆ ಕಲಾ ಹೇಳಬೇಕು, ಅವಳು ಹೇಳದಿದ್ರೂ ನನಗೇನೂ ಬೇಜಾರಿಲ್ಲ.

ನಿನ್ನ ವಿಷಯಕ್ಕೂ ನಾನು ಬಾಯಿ ಹಾಕಲ್ಲ, ನಿನ್ನ ಕಥೆ ನೀನೇ ಓದ್ಕೋಬೇಕು. ಆದ್ರೆ ಅದರಲ್ಲಿ ನಿನಗೆ ಗೊತ್ತಿಲ್ಲದ ಒಂದು ಪುಟ ನನ್ನ ಹತ್ರ ಇದೆ. ಮದುವೆ ನಿಂತ ವಾರ ನೀನು ನನ್ನ ಫೋನೇ ಎತ್ತಲಿಲ್ಲ ನೋಡು, ಆಗ ನಿನ್ನ ಪಿಜಿ ರೂಮಿನ ಆ ಹುಬ್ಬಳ್ಳಿ ಹುಡುಗಿ ದಿನಾ ರಾತ್ರಿ ನನಗೆ ಫೋನ್ ಮಾಡೋಳು. "ಆಂಟಿ, ಇವತ್ತು ಎರಡು ಚಪಾತಿ ತಿಂದಾಳ್ರಿ", "ಇವತ್ತು ಸ್ವಲ್ಪ ಅತ್ತು ಮಲಗ್ಯಾಳ್ರಿ, ನಾ ಇಲ್ಲೇ ಅದೀನಿ". ನಿನಗೆ ಹೇಳಬೇಡಿ ಅಂತ ಆಣೆ ಹಾಕಿಸಿದ್ದಳು. ಆಣೆ ಮುರಿದಿದ್ದೀನಿ, ಅವಳ ಜೊತೆ ಜಗಳ ಆಡಬೇಡ.

ಮೇಲುಕೋಟೆ ವೈರಮುಡಿ ಉತ್ಸವ ಹತ್ರ ಬಂತು. ಚೆಲುವಪಿಳ್ಳೆಗೆ ತೊಡಿಸೋ ಆ ಕಿರೀಟ ಮಂಡ್ಯ ಖಜಾನೆಯಿಂದ ಹೊರಡೋ ದಿನ ನಮಗೂ ಅಂಗನವಾಡಿ ರಜಾ ಸಿಗುತ್ತಾ ನೋಡಬೇಕು. ಬರಲೇಬೇಕು ಅಂತ ಬಲವಂತ ಇಲ್ಲ, ಬಂದ್ರೂ ಕೈಮುಗಿ ಅಂತ ನಾನು ಹೇಳಲ್ಲ. ಬರೋದಾದ್ರೆ ಆ ಹುಡುಗೀನೂ ಕರ್ಕೊಂಡು ಬಾ, ಅವಳಿಗೆ ಮೇಲುಕೋಟೆ ಪುಳಿಯೋಗರೆ ತಿನ್ನಿಸಬೇಕು. ಆವತ್ತು ಬೆಟ್ಟದಲ್ಲಿ ಕಾಲಿಡೋಕೂ ಜಾಗ ಇರಲ್ಲ, ಆದ್ದರಿಂದ ಮಧ್ಯಾಹ್ನದೊಳಗೇ ಮಂಡ್ಯಕ್ಕೆ ಬಂದಿಳೀರಿ. ನಾಟಿ ಕೋಳಿ ಸಾರು ಮಾತ್ರ ಕೇಳಬೇಡ, ಉತ್ಸವ ಮುಗಿಯೋವರೆಗೂ ಈ ಮನೇಲಿ ಮಾಡಲ್ಲ.

ನಿನ್ನ
ಅಮ್ಮ